ತಲಾ ಖರ್ಚು

ನವೆಂಬರ್ 3, ಸೋಮವಾರ

ಮನೆದೇವರ ಸಾಕ್ಷಿಯಾಗಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ಈ ದಿನಚರಿಯ ಸಾಕ್ಷಿಯಾಗಿ, ತಪ್ಪೊಪ್ಪಿಗೆ ದಾಖಲಿಸುತ್ತಿದ್ದೇನೆ. ಆರೋಪಿ: ಪ್ರಭುರಾಜ. ಸಾಕಿನ್: ಕೊಪ್ಪಳ. ಉದ್ಯೋಗ: ಭಾಗ್ಯನಗರದ ಕೂದಲು ಕಂಪನಿಯಲ್ಲಿ ಮಾರಾಟ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಮುಖ್ಯನೂ ನಾನೇ, ಸ್ಥನೂ ನಾನೇ. ಅಪರಾಧ: ಏಳು ಸಾವಿರದ ವಿಮಾನ ಟಿಕೆಟ್ಟನ್ನು ಸಾವ್ಕಾರರ ಮುಂದೆ ಹದಿನೇಳು ಸಾವಿರ ಎಂದದ್ದು.

ಲೋಕದ ಮಾರಾಟದವರೆಲ್ಲ ಟಿಕೆಟ್ಟಿನ ದರ ಏರಿಸುವುದು ನಡುವಿನದನ್ನು ಜೇಬಿಗಿಳಿಸಲು. ನಾನು ಏರಿಸಿದ್ದು ವಿಮಾನ ಏರದಿರಲು. ಒಂದು ಪೈಸೆಯ ಲಾಭವೂ ಇಲ್ಲದೆ ಕಳವು ಮಾಡಿದ ಕಳ್ಳ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಸಾವ್ಕಾರ ದೇವೇಂದ್ರಪ್ಪನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ‘ಹಂಗಾರ ರೈಲಿಗೇ ಹೋಗಪಾ’ ಎಂದರು. ಎಂಟು ವರ್ಷದಿಂದ ಹೀಗೇ ಅನ್ನುತ್ತ ಬಂದಿದ್ದಾರೆ. ಕೊಪ್ಪಳದಲ್ಲಿ ಹತ್ತಿದರೆ ಎರಡು ರಾತ್ರಿ ಕಳೆದು ಕೋಲ್ಕತ್ತಾದಲ್ಲಿ ಇಳಿಸುವ ರೈಲು ನನ್ನ ಪುಷ್ಪಕ ವಿಮಾನ. ಹೀಗೆ ನಾನು ಉಳಿಸಿದ ದುಡ್ಡಿನ ಗೌರವಾರ್ಥ ಸಾವ್ಕಾರರು ನನಗೆ ‘ಉಳಿತಾಯದ ಹುಲಿ’ ಎಂಬ ಬಿರುದು ಕೊಟ್ಟಿದ್ದಾರೆ. ಸಿಂಹ ಅನ್ನಬಹುದಿತ್ತು. ಪ್ರಾಸ ಕೆಡುತ್ತಿತ್ತೇನೋ. ಹುಲಿಯೇ ಇರಲಿ.

ಇನ್ನು ಅಪರಾಧದ ಹಿಂದಿನ ಉದ್ದೇಶ. ಅದು ನನ್ನ ತಲೆಯ ಮೇಲೆಯೇ ಇದೆ. ವಿಗ್ಗು.

ಹಳ್ಳಿಯ ಹೆಂಗಸರು ತಲೆ ಬಾಚಿದಾಗ ಹಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಗಿಸಿಡುತ್ತಾರೆ. ಬೀದಿ ವ್ಯಾಪಾರಿಗಳು ಸ್ಟೀಲಿನ ಬಟ್ಟಲು ಕೊಟ್ಟು ಅದನ್ನು ಒಯ್ಯುತ್ತಾರೆ. ಅದು ಭಾಗ್ಯನಗರಕ್ಕೆ ಬಂದು, ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟಾಗಿ, ನನ್ನ ಚೀಲದಲ್ಲಿ ಮಾದರಿಯಾಗಿ ಕೋಲ್ಕತ್ತಾಕ್ಕೆ ಹೋಗುತ್ತದೆ. ಅಲ್ಲಿ ನಜೀಬ ಎಂಬ ವ್ಯಾಪಾರಿ ಅದರಿಂದ ವಿಗ್ಗು ಮಾಡಿಸುತ್ತಾನೆ. ಅದರಲ್ಲೊಂದು ವರ್ಷಕ್ಕೊಮ್ಮೆ ನನ್ನ ತಲೆಯೇರಿ ಭಾಗ್ಯನಗರಕ್ಕೆ ವಾಪಸು ಬರುತ್ತದೆ. ತವರಿಗೆ ಬಂದ ಮಗಳಂತೆ. ಅದನ್ನೂ ನಾನು ಅರ್ಧ ಬೆಲೆಗೆ ಚೌಕಾಸಿ ಮಾಡಿ ತರುತ್ತೇನೆ. ತಲೆಯನ್ನೇ ಅರ್ಧ ದರಕ್ಕೆ ತಂದವನ ಮುಂದೆ ಹೋಟೆಲ್ಲು, ವಿಮಾನ ಯಾವ ಲೆಕ್ಕ?

ಈ ವಿಷಯ ನಜೀಬ ಮತ್ತು ಹೆಂಡತಿ ಶಿವಲೀಲಾಳನ್ನು ಬಿಟ್ಟರೆ ಮತ್ತೊಂದು ನರಪಿಳ್ಳೆಗೂ ಗೊತ್ತಿಲ್ಲ. ಆದರೆ ವಿಗ್ಗನ್ನು ಹಿಡಿದಿಡುವುದು ಕಬ್ಬಿಣದ ಕ್ಲಿಪ್ಪುಗಳು. ವಿಮಾನ ನಿಲ್ದಾಣದಲ್ಲಿ ಭದ್ರತೆಯ ಜವಾನನೊಬ್ಬ ತಪಾಸಣೆಯ ಕೋಲು ಹಿಡಿದು ಮೈಯೆಲ್ಲ ಆಡಿಸುತ್ತಾನೆ. ಕಬ್ಬಿಣ ಕಂಡರೆ ಕೋಲು ‘ಟೀಂ’ ಅನ್ನುತ್ತದೆ. ಒಬ್ಬನ ವಿಗ್ಗನ್ನು ಸಾಲಿನ ಎದುರೇ ತೆಗೆಸಿದರಂತೆ, ವಿಡಿಯೋ ನೋಡಿದ್ದೇನೆ. ಅವನು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನಿಂತಿದ್ದ. ಆ ವಿಡಿಯೋ ನೋಡಿದ ಮೇಲೆ ನನಗೆ ರಿವರ್ಸ್ ಬರುವ ಲಾರಿಯ ‘ಟೀಂ ಟೀಂ’ ಕೇಳಿದರೂ ಬೆವರುತ್ತದೆ.

ನವೆಂಬರ್ 5, ಬುಧವಾರ

ಸಾವ್ಕಾರರ ಮಗಳು ಐಶ್ವರ್ಯ ಹುಬ್ಬಳ್ಳಿಯಲ್ಲಿ ಎಂಬಿಎ ಮುಗಿಸಿ ಬಂದು ಕಂಪನಿಯ ಖರ್ಚು ನೋಡಿಕೊಳ್ಳಲು ಶುರು ಮಾಡಿದ್ದಾಳೆ. ನನ್ನ ಕಣ್ಣೆದುರು ಬೆಳೆದ ಹುಡುಗಿ. ಇವತ್ತು ಫೋನನ್ನು ನನ್ನ ಮೂಗಿನ ಬಳಿ ಹಿಡಿದಳು.

‘ಅಂಕಲ್, ನೀವು ಹದಿನೇಳು ಅಂದಿದ್ರಂತ. ಇಲ್ಲಿ ಆರೂವರಿ ತೋರಸಾಕತ್ತೈತಿ. ಎರಡು ರಾತ್ರಿ ರೈಲು, ದಾರಿ ಊಟ, ನಿಮ್ಮ ನಾಕು ದಿನದ ಪಗಾರ ಸೇರಿಸಿದ್ರ ವಿಮಾನಾನ ಸಸ್ತಾ.’

ವಿಮಾನದ ದರ ಓತಿಕ್ಯಾತದ ಬಣ್ಣದ ಹಾಗೆ, ನೋಡುವವರ ಮೇಲೆ ಬದಲಾಗುತ್ತದೆ ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ. ನನ್ನ ದುರದೃಷ್ಟಕ್ಕೆ ಅದು ನಿಜವಂತೆ. ಅವಳು ಗಂಭೀರವಾಗಿ ತಲೆದೂಗಿ, ಯಾವ ದಿನ ಬುಕ್ ಮಾಡಿದರೆ ಕಡಿಮೆ ಎಂದು ಹೇಳತೊಡಗಿದಳು. ಆಮೇಲೆ, ತಿರುಗಾಟದಲ್ಲಿ ನಿಮ್ಮಷ್ಟು ಉಳಿಸಿದವರಿಲ್ಲ ಎಂದು ಅಪ್ಪಾಜಿ ಹೇಳುತ್ತಾರೆ, ಶನಿವಾರ ಆಫೀಸಿನವರಿಗೆಲ್ಲ ನಿಮ್ಮ ಸೂತ್ರಗಳನ್ನು ಹೇಳಿಕೊಡಿ ಎಂದಳು.

ಸದ್ಯ, ಮಾತು ವಿಮಾನದಿಂದ ಭಾಷಣಕ್ಕೆ ಇಳಿಯಿತು. ಕೂದಲೆಳೆಯಲ್ಲಿ ಪಾರಾದೆ. ಅದೂ ಯಾರದೋ ಕೂದಲು.

ನವೆಂಬರ್ 8, ಶನಿವಾರ

ಭಾಷಣ ಭರ್ಜರಿಯಾಯಿತು. ನನ್ನ ಗೋರಿಯನ್ನು ನಾನೇ ಅಗೆದು, ಸುಣ್ಣ ಬಳಿದು, ರಂಗೋಲಿ ಹಾಕಿ ಬಂದಿದ್ದೇನೆ.

ಹೋಟೆಲನ್ನು ಆ್ಯಪಿನಲ್ಲಿ ನೋಡಿ, ಆದರೆ ಬುಕ್ ಮಾಡುವ ಮೊದಲು ಹೋಟೆಲಿಗೇ ಫೋನ್ ಹಚ್ಚಿ ‘ತಿಂಗಳಿಗೊಮ್ಮೆ ಬರುವವರು’ ಎಂದು ಹೇಳಿ ಎಂದೆ. ಬೆಳಗಿನ ತಿಂಡಿ ಪುಕ್ಕಟೆ ಇರುವಲ್ಲಿಯೇ ಇಳಿಯಿರಿ. ತಿಂಡಿಗೆ ಹತ್ತಕ್ಕೆ ಹೋದರೆ ಅದೇ ಊಟ. ಚೀಲ ಕೈಯಲ್ಲಿ ಹಿಡಿಯುವಷ್ಟೇ ಇರಲಿ. ಸೀಟು ಆರಿಸಲು ದುಡ್ಡು ಕೊಡಬೇಡಿ, ಕೂತವನಿಗೆ ಯಾವ ಸೀಟಾದರೇನು, ವಿಮಾನ ಬಿದ್ದರೆ ಎಲ್ಲ ಸೀಟೂ ಒಂದೇ ಕಡೆ ಹೋಗುತ್ತವೆ. ಇಲ್ಲಿ ಎಲ್ಲರೂ ನಕ್ಕರು, ಅಕೌಂಟಿನ ಹುಣ್ಣಿಮೆಯ ಹೊರತು. ಹುಣ್ಣಿಮೆ ಅಂದರೆ ವಿರುಪಾಕ್ಷಿ. ಅವನ ಬೋಳುತಲೆಗೆ ನಾನು ಇಟ್ಟ ಹೆಸರು. ಆಫೀಸಿನಲ್ಲಿ ಕರೆಂಟು ಹೋದಾಗಲೆಲ್ಲ ‘ಹುಣ್ಣಿಮಿ, ಸ್ವಲ್ಪ ಈ ಕಡೆ ತಿರುಗಪಾ’ ಎನ್ನುತ್ತೇನೆ. ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಹೆಸರು ನಾನೇ ಇಟ್ಟದ್ದು. ನನಗೆ ಮಾತ್ರ ಯಾರೂ ಇಟ್ಟಿಲ್ಲ.

ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ: ಇಬ್ಬರು ಹೋದರೆ ಒಂದೇ ರೂಮು. ತಲಾ ಖರ್ಚು ಅರ್ಧ.

ಚಪ್ಪಾಳೆ ನಿಲ್ಲುವ ಮೊದಲೇ ಐಶ್ವರ್ಯ ಎದ್ದು ನಿಂತಳು. ಹದಿನೆಂಟಕ್ಕೆ ಕೋಲ್ಕತ್ತಾದ ಪ್ರವಾಸ ಪೂರ್ತಿ ಪ್ರಭು ಅಂಕಲ್ ಸೂತ್ರದಂತೆಯೇ ನಡೆಯಲಿ ಎಂದಳು. ವಿಮಾನ. ಕೈಚೀಲ. ಪುಕ್ಕಟೆ ತಿಂಡಿ.

ಸಾವ್ಕಾರರು, ‘ಅವಗ ರೈಲು ರೂಢಿ ಆಗೈತಿ, ಹೋಗ್ಲಿ ಬಿಡವಾ’ ಎಂದು ಮೆತ್ತಗೆ ಅಂದರು. ಮಗಳು ಬಿಡಲಿಲ್ಲ. ಸಾವ್ಕಾರರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ, ‘ಹಂಗಾರ ವಿರುಪಾಕ್ಷೀನೂ ಜೋಡಿ ಹೋಗ್ಲಿ’ ಎಂದರು.

ಅಕೌಂಟಿನವನಿಗೆ ಕೋಲ್ಕತ್ತಾದಲ್ಲಿ ಏನು ಕೆಲಸ? ಹದಿನೇಳು ಸಾವಿರದ ಸುಳ್ಳು ಗೊತ್ತಾಗಿದೆ. ನನ್ನ ಮೇಲೆ ಕಾವಲು. ಹುಣ್ಣಿಮೆಯ ಮುಖ ಅಮಾವಾಸ್ಯೆಯಾಗಿತ್ತು. ಅವನು ಇದುವರೆಗೆ ವಿಮಾನ ಹತ್ತಿದವನಲ್ಲ, ಏಣಿ ಹತ್ತಲೂ ಹೆದರುತ್ತಾನೆ. ಆದರೂ ಸಾವ್ಕಾರರನ್ನು ನೋಡಿ ತಲೆಯಾಡಿಸಿದ.

ಒಂದೇ ರೂಮು. ನಾನೇ ಹೇಳಿದ್ದು. ಮೈಕು ಹಿಡಿದು.

ನವೆಂಬರ್ 9, ಭಾನುವಾರ

ಕುಕ್ಕರ್ ಸೀಟಿ ಹೊಡೆದಾಗ ಎರಡೂ ಕೈ ತಾನಾಗಿ ತಲೆಗೆ ಹೋದವು.

ನವೆಂಬರ್ 11, ಮಂಗಳವಾರ

ಹೊಸ ಉಪಾಯ: ಕ್ಲಿಪ್ಪಿಲ್ಲದೆ ಅಂಟಿನ ಪಟ್ಟಿ ಹಚ್ಚಿ ಕೂರಿಸುವುದು. ಕಬ್ಬಿಣವಿಲ್ಲ, ಟೀಂ ಇಲ್ಲ. ಪ್ರಯೋಗಕ್ಕೆಂದು ಯಲಬುರ್ಗಾಕ್ಕೆ ಮಾಲು ಖರೀದಿಗೆ ಹೋದೆ. ಅಲ್ಲಿ ಬೀದಿ ವ್ಯಾಪಾರಿಗಳಿಂದ ಕೂದಲು ಕೂಡಿಸಿ ನಮಗೆ ಮಾರುವವಳು ಕಳಕಮ್ಮ. ಬೆಳಿಗ್ಗೆ ಎಲ್ಲ ಸರಿ ಇತ್ತು. ಮಧ್ಯಾಹ್ನದ ಬಿಸಿಲಿಗೆ ತಗಡಿನ ಕೆಳಗೆ ಕೂತು ಕೂದಲಿನ ತೂಕ ನೋಡುತ್ತಿದ್ದೆ. ಅಂಟು ಬೆವರಿನ ಜೊತೆ ರಾಜಿ ಮಾಡಿಕೊಂಡದ್ದು ನನಗೆ ತಿಳಿಯಲೇ ಇಲ್ಲ.

ಕಳಕಮ್ಮ ತಕ್ಕಡಿ ಹಿಡಿದುಕೊಂಡೇ ನನ್ನನ್ನು ಒಂದು ಗಳಿಗೆ ನೋಡಿದಳು. ‘ಸರ, ಮುಂಜಾನಿ ನಿಮ್ಮ ಹಣಿ ಇದಕ್ಕಿಂತ ದೊಡ್ಡದಿತ್ತು’ ಎಂದಳು.

ವಿಗ್ಗು ಹುಬ್ಬಿನವರೆಗೆ ಇಳಿದಿತ್ತು. ಬಿಸಿಲಿಗೆ ಹಣೆ ಸುಕ್ಕುಗಟ್ಟಿದೆ ಎಂದು ಏನೋ ಬಡಬಡಿಸಿ ಅಂಗಳದ ಬಚ್ಚಲಿಗೆ ಓಡಿದೆ. ಕನ್ನಡಿ ಇರಲಿಲ್ಲ. ಬಕೆಟ್ಟಿನ ನೀರಿನಲ್ಲಿ ಮುಖ ನೋಡಿಕೊಂಡೇ ಸರಿಮಾಡಿಕೊಂಡೆ. ಹೊರಗೆ ಬಂದಾಗ ಅವಳು ನಗಲಿಲ್ಲ. ಚಹಾ ಕೊಟ್ಟಳು. ನೋಡಿ, ಹಳ್ಳಿಯವರು ಎಷ್ಟು ಮುಗ್ಧರು, ಏನೂ ಗೊತ್ತಾಗಲಿಲ್ಲ.

ಕ್ಲಿಪ್ಪೇ ಗತಿ.

ನವೆಂಬರ್ 13, ಗುರುವಾರ

ಜ್ವರ ಬರಲೆಂದು ಕಾಯುತ್ತಿದ್ದೇನೆ. ಬೇಡದಾಗ ಬರುವ ಜ್ವರಕ್ಕೆ ಈಗ ಮೈಗಳ್ಳತನ.

ಗಂಗಾವತಿಯ ಸೋದರತ್ತೆಗೆ ಹುಷಾರಿಲ್ಲ ಎಂದು ರಜೆ ಕೇಳೋಣವೆಂದು ಅವಳಿಗೇ ಫೋನ್ ಮಾಡಿದೆ. ಎಂಬತ್ತರ ಮುದುಕಿ ಗದ್ದೆಯಲ್ಲಿ ಭತ್ತ ಕೊಯ್ಯುವ ಯಂತ್ರದ ಮುಂದೆ ನಿಂತು ಡ್ರೈವರನನ್ನು ಬೈಯುತ್ತಿದ್ದಳು. ಅವಳನ್ನು ಕಾಯಿಲೆಗೆ ಬೀಳಿಸುವ ಧೈರ್ಯ ಬರಲಿಲ್ಲ.

ಶಿವಲೀಲಾಳಿಗೆ ಎಲ್ಲ ಹೇಳಿದೆ. ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು. ‘ಅದನ್ನ ಮನ್ಯಾಗ ಬಿಟ್ಟು ಹೋಗ್ರಿ’ ಎಂದಳು, ಕೊಡೆ ಬಿಟ್ಟು ಹೋಗಿ ಎಂದಷ್ಟು ಸಲೀಸಾಗಿ. ಕೂದಲು ಮಾರುವವನೇ ಬೋಳಾಗಿ ಹೋದರೆ ಮಾಲನ್ನು ಯಾರು ನಂಬುತ್ತಾರೆ ಎಂದೆ. ಚಪ್ಪಲಿ ಮಾರುವವನ ಕಾಲನ್ನು ಯಾರು ನೋಡುತ್ತಾರೆ ಎಂದಳು. ಹಾಗಲ್ಲ, ಆಫೀಸಿನವರು ನಗುತ್ತಾರೆ ಎಂದೆ. ಅವಳು ಸೊಪ್ಪು ಕೆಳಗಿಟ್ಟಳು.

‘ನೀವು ಮಂದೀನ ನಕ್ಕಷ್ಟು ಮಂದಿ ನಿಮ್ಮನ್ನ ನಗೂದಿಲ್ರಿ.’

ಇದು ಸಮಾಧಾನವೋ ಬೈಗುಳವೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಅವಳಿಗೆ ತಿಳಿಯುವುದಿಲ್ಲ. ಎಂಟು ವರ್ಷ ನಾನು ಹೆಸರಿಟ್ಟವರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಬಡ್ಡಿ ಸಮೇತ ಹೆಸರು ವಾಪಸು ಕೊಡುವುದು ನನಗೆ ಕನಸಿನಲ್ಲಿ ಕಾಣುತ್ತಿದೆ. ಸಾಲಿನ ಮೊದಲಿಗೆ ಯಾವಾಗಲೂ ಹುಣ್ಣಿಮೆ. ಅವನು ಏನೂ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾನೆ. ಉಳಿದವರೆಲ್ಲ ಬೈದದ್ದಕ್ಕಿಂತ ಅದೇ ಹೆಚ್ಚು ಹೆದರಿಕೆ.

ನವೆಂಬರ್ 17, ಸೋಮವಾರ

ನಾಳೆ.

ಮಾದರಿಯ ಚೀಲ ಕಟ್ಟಿಯಾಯಿತು. ಒಂದು ಮಂಕಿ ಕ್ಯಾಪ್ ಕೊಂಡೆ. ಕಿವಿ, ಹಣೆ, ಕುತ್ತಿಗೆ ಎಲ್ಲ ಮುಚ್ಚುವಂಥದ್ದು. ರೂಮಿನಲ್ಲಿ ಮಲಗುವಾಗ ವಿಗ್ಗು ತೆಗೆಯದೆ ವಿಧಿಯಿಲ್ಲ, ಅದಕ್ಕೆ. ಅಂಗಡಿಯವನು ‘ಈ ಸೆಕಿಯಾಗ?’ ಎಂದ. ಚಳಿ ಇಲ್ಲದವರಿಗೆ ಮಾರುವುದಿಲ್ಲವೇನು ಎಂದೆ. ಬೇರೆ ದಿನವಾಗಿದ್ದರೆ ಇದಕ್ಕಿಂತ ಒಳ್ಳೆಯ ಮಾತು ಹೊಳೆಯುತ್ತಿತ್ತು.

ಸಂಜೆ ವಿರುಪಾಕ್ಷಿ ಫೋನ್ ಮಾಡಿದ್ದ. ವಿಮಾನದಲ್ಲಿ ಕಿಟಕಿ ಮುಚ್ಚಲು ಬರುತ್ತದೆಯೇ ಎಂದು ಕೇಳಿದ. ನನಗೇನು ಗೊತ್ತು? ಬರುತ್ತದೆ ಎಂದೆ. ಅವನ ದನಿ ಸಣ್ಣಗಾಗಿತ್ತು. ಇಷ್ಟು ಹೆದರುವವನು ಬರುವುದಿಲ್ಲ ಎಂದು ಸಾವ್ಕಾರರಿಗೆ ಯಾಕೆ ಹೇಳಲಿಲ್ಲವೋ. ಅವನು ಹೇಳಿದ್ದರೆ ನನ್ನ ಅರ್ಧ ಭಯವಾದರೂ ತಪ್ಪುತ್ತಿತ್ತು.

ನವೆಂಬರ್ 18, ಮಂಗಳವಾರ, ಕೋಲ್ಕತ್ತಾ

ಬದುಕಿದ್ದೇನೆ.

ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಆಟೋ ಮಾಡಿದೆವು. ಒಳಗೆ ಆಸ್ಪತ್ರೆಯಂಥ ತಂಪು. ನನ್ನ ಬೆನ್ನ ಮೇಲೆ ಮಾತ್ರ ಬೆವರಿನ ಹಳ್ಳ. ತಪಾಸಣೆಯ ಸಾಲಿನಲ್ಲಿ ನನ್ನ ಮುಂದೆ ವಿರುಪಾಕ್ಷಿ, ಮಾದರಿಯ ಚೀಲ ಹಿಡಿದುಕೊಂಡು. ನನ್ನ ಹಿಂದೆ ಮದುವೆ ದಿಬ್ಬಣದಷ್ಟು ಜನ. ಜವಾನನ ಕೋಲು ಪ್ರತಿಯೊಬ್ಬರ ತಲೆಯ ಹತ್ತಿರವೂ ಹೋಗುತ್ತಿತ್ತು. ಎಣಿಸಿದೆ. ಯಾರನ್ನೂ ಬಿಡಲಿಲ್ಲ. ಓಡಿಹೋಗೋಣವೆಂದು ಹಿಂತಿರುಗಿ ನೋಡಿದರೆ ಕೂಸನ್ನೆತ್ತಿಕೊಂಡ ಹೆಂಗಸು ‘ಮುಂದಕ್ಕ ನಡೀರಿ’ ಎಂದಳು.

ವಿರುಪಾಕ್ಷಿ ದಾಟಿದ. ನಾನು ಮಣೆಯ ಮೇಲೆ ನಿಂತು ಎರಡೂ ಕೈ ಚಾಚಿದೆ. ಶಿಲುಬೆಗೇರಿದವನಂತೆ. ಕೋಲು ಎದೆ, ಸೊಂಟ, ಕಾಲು ಮುಗಿಸಿ ಮೇಲೆ ಬಂತು. ಕಿವಿ. ಕಿವಿಯ ಮೇಲೆ.

ಟೀಂ.

ಅದೇ ಗಳಿಗೆಗೆ ಪಕ್ಕದ ಮೇಜಿನ ಬಳಿ ಗದ್ದಲವೆದ್ದಿತು. ನಮ್ಮ ಚೀಲವನ್ನು ತೆಗೆದು ನೋಡಲು ಕೇಳಿದ್ದರಂತೆ. ವಿರುಪಾಕ್ಷಿ, ಆಫೀಸಿನಲ್ಲಿ ಹತ್ತು ಸಲ ಕರೆದರೆ ಒಂದು ಸಲ ‘ಹ್ಞಾ’ ಅನ್ನುವ ವಿರುಪಾಕ್ಷಿ, ಸೊಂಟದುದ್ದದ ಕೂದಲಿನ ಕಟ್ಟೊಂದನ್ನು ತಲೆಯ ಮೇಲೆತ್ತಿ ಜಾತ್ರೆಯ ವ್ಯಾಪಾರಿಯಂತೆ ಕೂಗುತ್ತಿದ್ದ. ‘ಕೂದ್ಲ ರೀ ಇದು! ನಮ್ಮ ಭಾಗ್ಯನಗರದ್ದು! ಅಸಲಿ ಮಾಲು, ಮುಟ್ಟಿ ನೋಡ್ರಿ!’ ಇಡೀ ಸಾಲು ಆ ಕಡೆ ತಿರುಗಿತು. ಕೂಸು ಕೂಡ.

ನನ್ನ ಮುಂದಿನ ಜವಾನ ಮಾತ್ರ ತಿರುಗಲಿಲ್ಲ. ಬಗ್ಗಿ ಸಣ್ಣ ದನಿಯಲ್ಲಿ, ‘ವಿಗ್ ಹೈ? ಚಲೋ, ಜಾವ್’ ಎಂದ. ಆಕಳಿಸಿದ. ಮುಂದಿನವನನ್ನು ಕರೆದ.

ಅಷ್ಟೇ. ಎಂಟು ವರ್ಷ ರೈಲಿನಲ್ಲಿ ಬೆನ್ನು ಮುರಿದುಕೊಂಡದ್ದು ಇವನ ಒಂದು ಆಕಳಿಕೆಗಾಗಿ.

ಚೀಲ ವಾಪಸು ಪಡೆದು ಬಂದ ವಿರುಪಾಕ್ಷಿ ತನ್ನ ಬೂಟಿನ ಲೇಸು ಕಟ್ಟತೊಡಗಿದ. ಅಲ್ಲಿ ಮಾನ ಕಳೆದೆಯಲ್ಲಪ್ಪ ಎಂದು ಬೈದೆ. ತಪ್ಪಾಯಿತು ಎಂದ. ವಿಮಾನ ಮೇಲೇರುವಾಗ ಹೆದರಿ ನನ್ನ ಕೈ ಹಿಡಿದುಕೊಂಡ. ನಾನೇ ಧೈರ್ಯ ಹೇಳಿದೆ.

ಆದರೆ ಅವನು ಆ ‘ವಿಗ್ ಹೈ’ ಕೇಳಿಸಿಕೊಂಡನೇ? ಈಗ ಪಕ್ಕದ ಮಂಚದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದಾನೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಅಕೌಂಟಿನವರ ಮುಖವನ್ನು ನಂಬಬಾರದು.

ನವೆಂಬರ್ 19, ಬುಧವಾರ, ಕೋಲ್ಕತ್ತಾ

ರಾತ್ರಿ ಬಚ್ಚಲಿನಲ್ಲಿ ವಿಗ್ಗು ತೆಗೆದು, ಮಂಕಿ ಕ್ಯಾಪ್ ಏರಿಸಿ ಹೊರಬಂದೆ. ರೂಮಿನಲ್ಲಿ ಬೇಯುವಷ್ಟು ಸೆಕೆ. ನನಗೆ ಇಲ್ಲಿಯ ಹವಾ ಆಗಿಬರುವುದಿಲ್ಲ, ಕಿವಿಗೆ ಗಾಳಿ ಹೊಕ್ಕರೆ ನೆಗಡಿ ಎಂದೆ. ವಿರುಪಾಕ್ಷಿ ಎದ್ದು ಹೋಗಿ ಫ್ಯಾನು ಆರಿಸಿದ. ‘ನಂಗೂ ಸ್ವಲ್ಪ ಚಳಿ ಅನಸ್ತೈತ್ರಿ’ ಎಂದು ಹೊದ್ದುಕೊಂಡ. ಬೆಳಿಗ್ಗೆ ಅವನ ಬನಿಯನ್ನು ಹಿಂಡಿದರೆ ಒಂದು ಚರಿಗೆ ನೀರು ಬರುವಂತಿತ್ತು. ಪಾಪ, ಅವನಿಗೆ ಚಳಿ ಜ್ವರವೇನೋ.

ಪುಕ್ಕಟೆ ತಿಂಡಿಗೆ ಹತ್ತಕ್ಕೆ ಹೋದೆವು. ನನ್ನ ಸೂತ್ರದಂತೆ ಲುಚಿ ಎಂಬ ಇಲ್ಲಿಯ ಪೂರಿ, ಆಲೂಗಡ್ಡೆ ಪಲ್ಯ ಮೂರು ಸಲ ಹಾಕಿಸಿಕೊಂಡೆ. ಎರಡು ವಾರದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡದ್ದು. ವಿರುಪಾಕ್ಷಿಗೂ ಬಡಿಸಿದೆ. ಹೋಟೆಲಿನಲ್ಲಿ ಕರೆಂಟು ಹೋಗಿ ಬಂತು. ಹುಣ್ಣಿಮೆಯ ಮಾತು ಆಡಬಹುದಿತ್ತು, ಬಾಯಿ ತುಂಬ ಲುಚಿ ಇದ್ದುದರಿಂದ ಆಡಲಿಲ್ಲ.

ನಜೀಬ ಮಾಲನ್ನು ಒಪ್ಪಿದ. ವಿರುಪಾಕ್ಷಿ ಬಿಲ್ಲು ಬರೆಸಲು ಹೊರಗೆ ಹೋದಾಗ ಒಳಕೋಣೆಯಲ್ಲಿ ನನ್ನ ಹೊಸ ವಿಗ್ಗಿನ ವ್ಯವಹಾರ. ನಜೀಬ ದರ ಹೇಳಿದ, ನಾನು ಅರ್ಧ ಹೇಳಿದೆ. ಅವನು ಹಣೆ ಚಚ್ಚಿಕೊಂಡ, ನಾನು ಎದ್ದು ಬಾಗಿಲವರೆಗೆ ಹೋದೆ. ಅವನು ಕರೆದ. ಅರ್ಧಕ್ಕೇ ಆಯಿತು. ಎಂಟು ವರ್ಷದಲ್ಲಿ ಒಮ್ಮೆಯೂ ಸೋತಿಲ್ಲ. ವ್ಯಾಪಾರದಲ್ಲಿ ನರಿಯಂಥ ನಜೀಬನನ್ನು ಬೋಳಿಸಿ ಬರುವ ಗಂಡು ನಾನೊಬ್ಬನೇ ಎಂದು ಮೀಸೆ ತಿರುವಿದೆ. ಮೀಸೆ ನನ್ನದೇ.

ನವೆಂಬರ್ 20, ಗುರುವಾರ, ರೈಲಿನಲ್ಲಿ

ಹುಬ್ಬಳ್ಳಿ ಬಿಟ್ಟಿದೆ.

ಕೋಲ್ಕತ್ತಾದಿಂದ ಎದ್ದ ವಿಮಾನ ಸಮುದ್ರದ ಮೇಲಿನ ಮೋಡದಲ್ಲಿ ಸಿಕ್ಕಿಬಿತ್ತು. ಎತ್ತಿನ ಬಂಡಿ ಕಲ್ಲಿನ ಮೇಲೆ ಹಾರಿದಂತೆ ಎತ್ತಿ ಎತ್ತಿ ಹಾಕಿತು. ಮೇಲಿನ ಡಬ್ಬಿಗಳು ಕಟಕಟ ಅಂದವು. ಹಿಂದೆ ಯಾರೋ ಅಳತೊಡಗಿದರು. ಇಷ್ಟು ದಿನ ನಾನು ಹೆದರಿದ್ದು ತಲೆಯ ಮೇಲಿನದು ಹೋಗುತ್ತದೆ ಎಂದು; ತಲೆಯೇ ಹೋಗಬಹುದು ಎಂದು ಹೊಳೆದದ್ದು ಆಗ. ಶಿವಲೀಲಾ ಮೆಂತ್ಯದ ಸೊಪ್ಪು ಬಿಡಿಸುತ್ತಿರುವುದು ಕಣ್ಣಿಗೆ ಕಂಡಿತು.

ಪಕ್ಕದಲ್ಲಿ ವಿರುಪಾಕ್ಷಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದ. ಪಂಚಾಕ್ಷರಿ ಇರಬೇಕು, ನಾನೂ ದನಿಗೂಡಿಸೋಣ ಎಂದು ಕಿವಿಗೊಟ್ಟೆ. ಅದು ದೇವರ ನಾಮವಲ್ಲ, ಕಂಪನಿಯ ಖರ್ಚಿನ ಬಾಬತ್ತುಗಳು. ಅವನಿಗೆ ಬಾಯಿಪಾಠ ಬರುವುದು ಅದೊಂದೇ ಇರಬೇಕು.

‘ಗೋದಾಮು ಬಾಡಿಗಿ… ಕರೆಂಟ್ ಬಿಲ್ಲು… ಲಾರಿ ಬಾಡಿಗಿ… ಹೆಣ್ಮಕ್ಕಳ ಪಗಾರ… ಸ್ಯಾಂಪಲ್ ಖರ್ಚು, ನಜೀಬನ ಕಡೆ, ಪ್ರಭುರಾಜರ ತಲಿ, ಅರ್ಧ… ಚಹಾ ನಾಷ್ಟಾ…’

ವಿಮಾನ ಮತ್ತೊಮ್ಮೆ ಕುಸಿಯಿತು. ನನಗೆ ಅದರ ಪರಿವೆ ಇರಲಿಲ್ಲ.

‘ಏನಂದ್ರಿ?’ ಎಂದೆ. ಅವನಿಗೆ ನಾನು ರೀ ಹಚ್ಚಿದ್ದು ಬರೆಯುವಾಗಲೇ ಕಂಡದ್ದು.

ಕಣ್ಣು ಬಿಟ್ಟ. ‘ನಾ ಏನಂದೆ?’

‘ತಲಿ ಅಂದ್ರಿ. ಅರ್ಧ ಅಂದ್ರಿ.’

ಅವನ ಮುಖದಲ್ಲಿ ವಿಮಾನದ ಭಯ ಹೋಗಿ ಬೇರೆ ಭಯ ಬಂತು. ಹೇಳಬಾರದೆಂದು ಸಾವ್ಕಾರರು ಆಣೆ ಹಾಕಿಸಿದ್ದಾರೆ ಎಂದ. ಬೀಳುವ ವಿಮಾನದಲ್ಲಿ ಆಣೆ ಯಾತರದು ಎಂದೆ. ಅಷ್ಟು ಹೊತ್ತಿಗೆ ಮತ್ತೊಂದು ಏಟು ಬಿತ್ತು, ಅವನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

‘ಎಂಟು ವರ್ಷದ ಹಿಂದ ನಜೀಬ ಸಾವ್ಕಾರ್ರಿಗೆ ಫೋನ್ ಮಾಡಿದ್ದ್ರಿ. ನಿಮ್ಮಾಂವ ಬಂದಾನ, ವಿಗ್ಗು ಅರ್ಧಕ್ಕ ಕೇಳಾಕತ್ತಾನ, ಏನ್ ಮಾಡ್ಲಿ ಅಂತ. ಸಾವ್ಕಾರ್ರು, ಅವ ಕೇಳಿದ್ದಕ್ಕ ಕೊಡು, ಉಳದದ್ದು ನನ್ನ ಕಡೆ ಇಸ್ಕೋ, ಅವಗ ಗೊತ್ತಾಗೂದು ಬ್ಯಾಡ ಅಂದ್ರು. ವರ್ಷಾ ವರ್ಷಾ ನಾನ ಬರಕೊಂಡೇನಿ. ಸ್ಯಾಂಪಲ್ ಖರ್ಚು ಅಂತ.’

ಹದಿನೇಳು ಸಾವಿರದ ಸುಳ್ಳು? ಅದೂ ಗೊತ್ತಿತ್ತಂತೆ, ಪ್ರತಿ ಸಲವೂ. ವಿಮಾನ ನಿಲ್ದಾಣಕ್ಕೆ ಅಂಜುತ್ತಾನೆ, ರೈಲಿಗೇ ಹೋಗಲಿ ಅನ್ನುತ್ತಿದ್ದರಂತೆ. ಹೊಸದಾಗಿ ಬಂದ ಐಶ್ವರ್ಯಳಿಗೆ ಮಾತ್ರ ಗೊತ್ತಿರಲಿಲ್ಲ. ನನ್ನ ಮರ್ಯಾದೆಯ ವಿಷಯವೆಂದು ಮಗಳಿಗೂ ಹೇಳದೆ, ವಿರುಪಾಕ್ಷಿಯನ್ನು ಜೊತೆಗೆ ಹಾಕಿದರು. ಕಾವಲಿಗಲ್ಲ.

‘ಜವಾನ ಕೋಲು ತಲಿ ಮಟ ತಂದಾಗ ಮಂದಿ ಕಣ್ಣು ಬ್ಯಾರೆ ಕಡೆ ತಿರುಗಸು ಅಂತ ಹೇಳಿದ್ರು. ನಂಗ ಒದರಿ ರೂಢಿ ಇಲ್ರಿ. ಮನ್ಯಾಗ ಎರಡು ದಿನ ಒದರಿ ನೋಡಿದ್ದೆ.’

ನಾನು ಒಂದೇ ಕೇಳಿದೆ: ‘ನಾನು ಹುಣ್ಣಿಮಿ ಅಂತಿದ್ದೆನಲ್ರಿ, ಎಲ್ಲಾರ ಮುಂದ. ಸಿಟ್ಟು ಬರ್ತಿರಲಿಲ್ಲೇನು?’

‘ಬರ್ತಿತ್ರಿ’ ಎಂದ. ‘ಸ್ಯಾಂಪಲ್ ಖರ್ಚು ಅಂತ ಬರಿಯೋ ದಿವಸ ಇಳೀತಿತ್ತು.’

ವಿಮಾನ ಯಾವಾಗ ನೆಟ್ಟಗಾಯಿತೋ ಇಬ್ಬರೂ ಗಮನಿಸಲಿಲ್ಲ.

ನವೆಂಬರ್ 22, ಶನಿವಾರ

ಆಫೀಸಿನಲ್ಲಿ ಸಾವ್ಕಾರರು ಎಂದಿನಂತೆಯೇ ಕನ್ನಡಕದ ಮೇಲಿಂದ ನೋಡಿ, ‘ವಿಮಾನ ಹೆಂಗಿತ್ತಪಾ?’ ಎಂದರು. ಸಸ್ತಾ ಇತ್ತ್ರಿ ಎಂದೆ. ಆಣೆ ಮುರಿದದ್ದು ಗೊತ್ತಾದರೆ ವಿರುಪಾಕ್ಷಿಯವರಿಗೆ ತೊಂದರೆ, ಅದಕ್ಕೆ ನಾನೂ ಗೊತ್ತಿಲ್ಲದವನಂತೆಯೇ ಇರಬೇಕು. ನಾನು ಬಚ್ಚಿಟ್ಟದ್ದನ್ನು ಅವರು ಬಚ್ಚಿಟ್ಟದ್ದು ನನಗೆ ಗೊತ್ತಾದದ್ದನ್ನು ಈಗ ನಾನು ಬಚ್ಚಿಡಬೇಕು.

ಐಶ್ವರ್ಯ ಪ್ರವಾಸದ ತಲಾ ಖರ್ಚು ಎಷ್ಟಾಯಿತೆಂದು ಕೇಳಿದಳು. ನನಗೆ ಕೆಮ್ಮು ಬಂತು. ವಿರುಪಾಕ್ಷಿಯವರು ತಲೆ ಎತ್ತದೆ ಉತ್ತರ ಕೊಟ್ಟರು.

ಮಧ್ಯಾಹ್ನ ಕರೆಂಟು ಹೋಯಿತು. ಎಲ್ಲರೂ ಅಭ್ಯಾಸಬಲದಿಂದ ನನ್ನ ಬಾಯಿಯನ್ನೇ ನೋಡಿದರು. ನಾನು ಕಿಟಕಿ ತೆರೆದೆ.

ಚಹಾಕ್ಕೆ ಅವರ ಮೇಜಿಗೇ ಹೋದೆ. ಮೆಲ್ಲಗೆ ಕೇಳಿದೆ: ‘ಅರ್ಧ ನಂದು, ಅರ್ಧ ಕಂಪನೀದು ಅಂದ್ರ, ಯಾವ ಅರ್ಧ ಯಾರದ್ರಿ?’

ವಿರುಪಾಕ್ಷಿಯವರು ಚಹಾದಲ್ಲಿ ಬಿಸ್ಕೀಟು ಅದ್ದಿ ಯೋಚಿಸಿದರು. ‘ಮುಂದಿಂದು ನೀವ ಇಟ್ಕೊಳ್ರಿ, ದಿನಾ ಕನ್ನಡಿಯಾಗ ನೋಡಾವ್ರು ನೀವು. ಹಿಂದಿಂದು ಕಂಪನೀದು. ಹಿಂದ ಮಾತಾಡಾವ್ರು ನಾವ ಎಲ್ಲಾ ಅಲ್ಲೇನ್ರಿ.’

ಎಲ್ಲಾ. ಅಂದರೆ ಸಿಕ್ಕು ಬಿಡಿಸುವ ಹೆಂಗಸರೂ, ಲಾರಿಯವನೂ, ಯಲಬುರ್ಗಾದ ಕಳಕಮ್ಮನೂ. ಕೂದಲು ನೋಡಿಯೇ ಉಣ್ಣುವ ಊರಿನಲ್ಲಿ ಎಂಟು ವರ್ಷ ನಾನು ಕೂದಲು ಬಚ್ಚಿಟ್ಟುಕೊಂಡು ಓಡಾಡಿದ್ದೇನೆ, ಒಬ್ಬರಿಗೂ ಗೊತ್ತಾಗಲಿಲ್ಲ ಎಂದು ಬೀಗಿದ್ದೇನೆ. ಒಬ್ಬರೂ ಹೆಸರಿಡಲಿಲ್ಲ.

ಆದ್ದರಿಂದ ಮೂರನೇ ತಾರೀಖಿನ ತಪ್ಪೊಪ್ಪಿಗೆಗೆ ತಿದ್ದುಪಡಿ. ಒಂದು: ತಲೆಯನ್ನು ಅರ್ಧ ಬೆಲೆಗೆ ತಂದೆ ಎಂಬುದು ಸುಳ್ಳು, ಪೂರ್ತಿ ಬೆಲೆಗೇ ತಂದದ್ದು, ಉಳಿದರ್ಧ ಕೊಟ್ಟವರು ನಾನು ಟಿಕೆಟ್ಟಿನ ದರ ಸುಳ್ಳು ಹೇಳಿದ ಅದೇ ಸಾವ್ಕಾರರು. ಎರಡು: ಹದಿನೆಂಟರಂದು ವಿಮಾನ ಏರುವಾಗ ವಿರುಪಾಕ್ಷಿಯವರು ನನ್ನ ಕೈ ಹಿಡಿದರು ಎಂದು ಬರೆದಿದ್ದೆ. ಇವತ್ತು ಚಹಾ ಕುಡಿಯುವಾಗ ಅವರ ಮಣಿಕಟ್ಟು ನೋಡಿದೆ. ಉಗುರಿನ ಗುರುತುಗಳು ಇನ್ನೂ ಇವೆ. ಉಗುರು ನನ್ನವು.

ಮೂರು: ಸಾವ್ಕಾರರು ಬಿರುದು ಕೊಡುವಾಗ ಸಿಂಹವನ್ನು ಬಿಟ್ಟು ಹುಲಿಯನ್ನೇ ಆರಿಸಿದ್ದು ಪ್ರಾಸಕ್ಕಾಗಿ ಅಲ್ಲ. ಹುಲಿಗೆ ಜೂಲು ಇರುವುದಿಲ್ಲ.